ಬೇರೆ ಒಲೆ

"ಆ ಕೊಡ ಕೆಳಗಿಡು ಕೊಂಡಪ್ಪಣ್ಣ. ಒಂದು ತೊಟ್ಟು ನೀರು ಈ ಒಲೆ ಮೇಲೆ ಬಿದ್ರೂ ನಾನು ಸುಮ್ನಿರಲ್ಲ."

ಹಿಂದಿನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಅನುಸೂಯ ನಿಂತಿದ್ದಳು. ಎರಡು ಕೈಯೂ ಬಾಗಿಲುವಾಡದ ಮೇಲೆ. ಹೆಗಲಿನ ಬಟ್ಟೆಚೀಲ ಇನ್ನೂ ಇಳಿದಿರಲಿಲ್ಲ. ಹಾಲಿನ ಲಾರಿಯವನು ಹಾಸ್ಟೆಲಿನ ಗೇಟಿನಲ್ಲಿ ಸುದ್ದಿ ಹೇಳಿ ಹೋದ ಮೇಲೆ ಬೆಂಗಳೂರಿನಿಂದ ಹೊಸಕೋಟೆಗೆ, ಅಲ್ಲಿಂದ ಸೂಲಿಬೆಲೆಗೆ ಬಸ್ಸು ಹಿಡಿದು, ಉಳಿದ ದಾರಿಯನ್ನು ಕೆರೆ ಏರಿಯ ಮೇಲೆ ಓಡಿ ಬಂದಿದ್ದಳು. ಜಗಲಿಯ ಮೇಲೆ ಮಲಗಿಸಿದ್ದ ಅಜ್ಜಿಯ ಪಾದಕ್ಕೆ ಹಣೆ ಮುಟ್ಟಿಸಿ ಅಳುವುದಕ್ಕೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಕೊಂಡಪ್ಪ ಹೆಗಲ ಮೇಲೆ ನೀರಿನ ಕೊಡ ಹೊತ್ತು ನಡುಮನೆ ದಾಟುತ್ತಿದ್ದುದು ಕಂಡಿತು. ಅಳುವುದನ್ನು ಬಿಟ್ಟು ಎದ್ದು, ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಿದ್ದಳು.

"ನನ್ನ ಯಾಕವ್ವ ಬೈತೀಯ," ಎಂದ ಕೊಂಡಪ್ಪ. ಆ ಮನೆಯ ಹೊಲ, ಹಸು ನೋಡಿಕೊಂಡೇ ತಲೆ ನೆರೆಸಿಕೊಂಡವನು ಅವನು. "ನಿಮ್ಮ ಮಾವನೇ ಯೋಳಿದ್ದು. ಹೆಣ ಏಳೋದ್ರೊಳಗೆ ಹಿಂದಿನ ಒಲೆ ಆರಿಸಿ ಸಾರಿಸ್ಬಿಡು ಅಂದ್ರು. ನಾನೂ ಈ ಒಲೆ ಮುದ್ದೆ ಉಂಡೋನೇ. ನಂಗೆ ಕೈ ಬರ್ತದಾ?"

"ಕೈ ಬರ್ದೇ ಇದ್ರೆ ಕೊಡ ಯಾಕೆ ತುಂಬಿಸ್ಕೊಂಡೆ?"

ಕೊಂಡಪ್ಪ ಕೊಡವನ್ನು ಇಳಿಸಿ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

ಅವಳ ಬೆನ್ನ ಹಿಂದೆ, ಕೋಣೆಯ ಮಬ್ಬಿನಲ್ಲಿ, ಅವ್ವ ಮುನಿತಾಯಮ್ಮ ಒಲೆಯ ಮುಂದೆ ಕೂತು ಬೂದಿ ಸರಿಸಿ ಬೆರಣಿಯ ಚೂರೊಂದನ್ನು ಒಳಗಿಡುತ್ತಿದ್ದಳು. ಅವ್ವ, ಸತ್ತ ಅಜ್ಜಿ ಸಪ್ಪಲಮ್ಮನಿಗೆ ಒಬ್ಬಳೇ ಮಗಳು. ಪಕ್ಕದೂರಿಗೆ ಕೊಟ್ಟಿದ್ದರು. ಜೋರಾಗಿ ಮಾತಾಡಿದರೆ ಯಾರಿಗೆ ನೋಯುತ್ತದೋ ಎಂದು ಜೀವಮಾನವೆಲ್ಲ ಅಂಜಿದವಳು.

"ಬಿಡವ್ವ ಅನು. ಹೆಣ ಇಟ್ಕೊಂಡು ಜಗಳ ಯಾಕೆ."

"ಹೆಣ ಇಟ್ಕೊಂಡು ಒಲೆ ಆರಿಸೋರು ಯಾರವ್ವ? ನಾನಾ?"

ಗಲಾಟೆ ಕೇಳಿ ಆವಲಪ್ಪ ಬಂದ. ಸಪ್ಪಲಮ್ಮನ ಗಂಡನ ಮೊದಲ ಹೆಂಡತಿಯ ಮಗ. ಮನೆಯ ಯಜಮಾನ. ಇವತ್ತು ಬೆಂಕಿ ಮಡಕೆ ಹಿಡಿಯಬೇಕಾದವನೂ ಅವನೇ. ಅವನು ತನ್ನ ಮಗಳನ್ನು ಕೊಡಲಿರುವ ಹೊಸಕೋಟೆಯ ಬೀಗರು ಮುಂದಿನ ಜಗಲಿಯಲ್ಲಿ ಕೂತಿದ್ದರು. ಹಾಗಾಗಿ ದನಿಯನ್ನು ಹಲ್ಲಿನ ಸಂದಿಯಲ್ಲೇ ಹಿಡಿದಿದ್ದ.

"ಏನಮ್ಮ ಇದು? ಕಾಲೇಜು ಓದಿದ್ದು ಇದಕ್ಕೇನಾ?"

"ಅಜ್ಜಿ ಹೇಳಿದ್ರು ಮಾವ. ಗೌರಿ ಹಬ್ಬದ ದಿನ ನಿಮ್ಮೆದುರಿಗೇ ಹೇಳಿದ್ರು. ನನ್ನ ಒಲೆ ಕೆಂಡಾನೇ ನನ್ನ ಮುಂದೆ ಹೋಗ್ಲಿ, ಉಳಿದದ್ದು ಮುನಿತಾಯಿ ಕೈಗೆ ಹೋಗ್ಲಿ ಅಂತ. ನೀವು ಹೂಂ ಅಂದ್ರಿ."

"ವಯಸ್ಸಾದೋರು ಸಾವಿರ ಹೇಳ್ತಾರೆ, ನಾವು ಹೂಂ ಅಂತೀವಿ. ಮನೆತನಕ್ಕೊಂದು ರೀತಿ ಐತೆ. ಮಡಕೆಗೆ ಕೆಂಡ ಹೋಗೋದು ದೊಡ್ಡ ಒಲೆಯಿಂದ. ಇದು ಬೇರೆ ಒಲೆ. ಕೂಡಿಕೆಯೋರ ಒಲೆ." ಕೊನೆಯ ಮಾತಿಗೆ ಬೀಗರ ಕಡೆ ಒಮ್ಮೆ ನೋಡಿದ. "ಈ ಮನೇದಲ್ಲ."

ಅನುಸೂಯ ಒಳಗಿನ ಒಲೆಯ ಕಡೆ ತಿರುಗಿ ನೋಡಿದಳು. ಅಜ್ಜಿ ಮೊನ್ನೆ ಶನಿವಾರವೂ ಇದೇ ಒಲೆಯ ಮೇಲೆ ಮನೆಮಂದಿಗೆಲ್ಲ ಹಿಟ್ಟು ಕೂಡಿಸಿ ಮುದ್ದೆ ತೊಳಸಿದ್ದಳು. ಶನಿವಾರ ಈ ಮನೆಯದಾಗಿದ್ದ ಒಲೆ ಬುಧವಾರ ಯಾರದಾಯಿತು?

*

ಸಪ್ಪಲಮ್ಮ ಈ ಒಲೆಯ ಸಂಗತಿಯನ್ನು ಮೊಮ್ಮಗಳಿಗೆ ಕತೆಯ ಹಾಗೆ ಹೇಳುತ್ತಿದ್ದಳು. ತನ್ನದೆಂದು ಒಮ್ಮೆಯೂ ಹೇಳಿದವಳಲ್ಲ.

"ಒಂದೂರಲ್ಲಿ ಒಂದು ಮನೆ ಇತ್ತಂತೆ. ಮನೆ ಹೊಟ್ಟೆ ದೊಡ್ಡದು, ಒಲೆ ಮಾತ್ರ ತಣ್ಣಗೆ. ಮನೆಯೊಡತಿ ಸತ್ತೋಗಿದ್ಲು. ಒಂದು ಗಂಡು ಕೂಸು ಹಸ್ಕೊಂಡು ಗೋಡೆ ಮಣ್ಣು ತಿಂತಿತ್ತಂತೆ. ಆಗ ಆ ಮನೆ, ದೂರದಿಂದ ಒಬ್ಬಳನ್ನ ತಂದು ನುಂಗ್ತು."

ದೇವನಹಳ್ಳಿಯ ಆಚೆ, ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದ ಹುಡುಗಿ. ಗಂಡ ಸತ್ತವಳನ್ನು ಮತ್ತೆ ಕಟ್ಟಿಕೊಳ್ಳುವುದಕ್ಕೆ ಕೂಡಿಕೆ ಎನ್ನುತ್ತಿದ್ದರು. ಅದಕ್ಕೆ ಚಪ್ಪರವಿಲ್ಲ, ವಾಲಗವಿಲ್ಲ. ಮುಸ್ಸಂಜೆಯಲ್ಲಿ ಒಂದು ಸೀರೆ ಕೊಟ್ಟು ಕರೆದುಕೊಂಡು ಬರುವುದು. ಕೂಡಿಕೆಯವಳು ತಲೆಬಾಗಿಲಿನಿಂದ ಒಳಗೆ ಬರಬಾರದೆಂದು ಕಟ್ಟಿಕೊಂಡ ಗಂಡ ವೆಂಕಟರಮಣಪ್ಪನ ತಾಯಿ ಅವಳನ್ನು ಹಿತ್ತಿಲ ಬಾಗಿಲಿನಿಂದ ಕರೆದುಕೊಂಡಳು. ಹುಡುಗಿಯ ಕೈಯಲ್ಲಿ ಒಂದು ಮಡಕೆಯಿತ್ತು. ಅದರೊಳಗೆ, ಬೂದಿಯ ಕೆಳಗೆ, ಅವಳವ್ವನ ಒಲೆಯ ಕೆಂಡ. "ಹೋದ ಮನೆ ನಿನ್ನ ನುಂಗಿದ್ರೂ ನುಂಗ್ಲಿ, ಇದೊಂದು ಆರದಂಗೆ ನೋಡ್ಕೊ" ಎಂದು ಅವ್ವ ಕೊಟ್ಟು ಕಳಿಸಿದ್ದಳು.

ಹಬ್ಬಹರಿದಿನದ ಅಡಿಗೆಯಾಗುವ ದೊಡ್ಡ ಒಲೆಯನ್ನು ಕೂಡಿಕೆಯವಳು ಮುಟ್ಟುವಂತಿರಲಿಲ್ಲ. ಕೊಟ್ಟಿಗೆಯ ತುದಿಯಲ್ಲಿ ಒಂದು ಗೋಡೆ ಎಬ್ಬಿಸಿ, ಇದು ನಿನ್ನ ಜಾಗ ಎಂದರು. ಅವಳು ಆ ಗೋಡೆಯ ಒಳಗೆ ತನ್ನ ಕೈಯಾರೆ ಇನ್ನೊಂದು ಗೋಡೆ ಕಟ್ಟಿಕೊಂಡಳು. ಹುತ್ತದ ಮಣ್ಣು ತಂದು, ಮಡಿಕೆ ಮಡಿಕೆಯಾಗಿ, ಗೂಡು ಗೂಡಾಗಿ ಮೆತ್ತಿದಳು. ಅಷ್ಟು ಚಿಕ್ಕ ಕೋಣೆಯಲ್ಲಿ ಅಷ್ಟೊಂದು ಮಡಕೆ ಕುಡಿಕೆ ಹಿಡಿಯುವುದು ಹೇಗೆಂದು ನೋಡಿದವರೆಲ್ಲ ಬೆರಗಾಗುತ್ತಿದ್ದರು. ನಡುವೆ ಒಲೆ. ಮಲಗುವ ಮುಂಚೆ ಕೆಂಡಕ್ಕೆ ಬೂದಿ ಹೊದಿಸಿ, ಕೂಸಿಗೆ ಹೇಳುವ ಹಾಗೆ "ಮಲಿಕ್ಕೊ" ಎನ್ನುತ್ತಿದ್ದಳು.

ದೊಡ್ಡ ಒಲೆ ಮಾತ್ರ ದಿನಾ ರಾತ್ರಿ ಸಾಯುತ್ತಿತ್ತು. ಅದಕ್ಕೆ ಬೂದಿ ಹೊದಿಸುವವರು ಯಾರೂ ಇರಲಿಲ್ಲ. ಬೆಳಗಾದರೆ ಯಾರಾದರೊಬ್ಬರು ಸೌಟು ಹಿಡಿದು ಹಿಂದಕ್ಕೆ ಬರುತ್ತಿದ್ದರು. ಮೊದಲು ಅತ್ತೆ, ಆಮೇಲೆ ನಾದಿನಿ, ಆಮೇಲೆ ಸೊಸೆ. ಹಬ್ಬದ ದಿನ ಅಜ್ಜಿಯನ್ನು ಒಳಗೆ ಬಿಡುತ್ತಿರಲಿಲ್ಲ. ಆದರೆ ಅವಳ ಕೆಂಡ ಹೋಗಿ ದೇವರ ಎಡೆಯ ಹೋಳಿಗೆ ಬೇಯಿಸಿ ಬರುತ್ತಿತ್ತು.

"ಆಮೇಲೆ ಏನಾಯ್ತಜ್ಜಿ? ಆ ಮನೆ ಅವಳನ್ನ ಅರಗಿಸ್ಕೊಂಡ್ತಾ?"

"ಅರಗ್ಲಿಲ್ಲ ಕಣೆ. ಹೊರಗೂ ಬರ್ಲಿಲ್ಲ. ಅಲ್ಲೇ ಅವಳೆ."

ಗೋಡೆ ಮಣ್ಣು ತಿನ್ನುತ್ತಿದ್ದ ಗಂಡು ಕೂಸು ಯಾವುದೆಂದು ಅನುಸೂಯಳಿಗೆ ತಿಳಿದದ್ದು ಬಹಳ ವರ್ಷದ ಮೇಲೆ. ಜ್ವರ ಬಂದಾಗ ಆವಲಪ್ಪನನ್ನು ಅವನಪ್ಪ ತಂದು ಮಲಗಿಸಿದ್ದು ಇದೇ ಒಲೆಯ ಪಕ್ಕದಲ್ಲಿ. ಒಂದು ಮಳೆಗಾಲ ಪೂರ್ತಿ ಅವನು ಅಲ್ಲಿಂದ ಎದ್ದಿರಲಿಲ್ಲ.

*

"ಲಕ್ಷ್ಮೀದೇವಿ, ಕೆಂಡ ತಗೊಂಡ್ಬಾ," ಆವಲಪ್ಪ ಜಗಲಿಯಿಂದ ಕೂಗಿದ.

ಚಟ್ಟ ಕಟ್ಟಿಯಾಗಿತ್ತು. ಹಗ್ಗದ ನೆಲುವಿನಲ್ಲಿ ಹೊಸ ಮಡಕೆ ತೂಗುತ್ತಿತ್ತು. ಸಾವಾದ ದಿನ ಆ ಮನೆಯಲ್ಲಿ ಬೆಂಕಿಕಡ್ಡಿ ಗೀರುವಂತಿಲ್ಲ. ಹೆಣದ ಮುಂದೆ ಹೋಗುವುದು ಆಗಲೇ ಉರಿಯುತ್ತಿರುವ ಒಲೆಯ ಕೆಂಡವೇ ಆಗಬೇಕು. ಊರಿನ ಹಿರಿಯ ಮುನಿರಾಮಯ್ಯ ಕಂಬಕ್ಕೊರಗಿ ಕೂತು ಇದನ್ನು ಬೀಗರಿಗೆ ವಿವರಿಸುತ್ತಿದ್ದ.

"ನಿಮ್ಮ ಕಡೆ ಎಂಗೋ ಕಾಣೆ. ಇವ್ರ ಮನೇಲಿ ಕಡ್ಡಿ ಬೆಂಕಿ ಹೋದ್ರೆ ದಾರೀಲೆ ಆರೋಗ್ತದಂತೆ. ಒಲೆ ಬೆಂಕಿಗೆ ಮಾತ್ರ ಸುಡುಗಾಡಿನ ದಾರಿ ಗೊತ್ತು."

"ಅಂತೂ ಬೆಂಕಿಗೂ ಅಡ್ರೆಸ್ಸು ಬೇಕು ಅನ್ನಿ," ಎಂದರು ಬೀಗರಲ್ಲೊಬ್ಬರು. ಯಾರೋ ನಗು ನುಂಗಿದರು.

ಲಕ್ಷ್ಮೀದೇವಮ್ಮ, ಆವಲಪ್ಪನ ಹೆಂಡತಿ, ಕಬ್ಬಿಣದ ಸೌಟು ಹಿಡಿದು ದೊಡ್ಡ ಒಲೆಯ ಮುಂದೆ ನಿಂತಿದ್ದಳು. ಒಲೆಯಲ್ಲಿ ಬೂದಿಯಿತ್ತು. ಅದರಲ್ಲಿ ಕೈ ಆಡಿಸಿದರೆ ನೆಲದಷ್ಟೇ ತಣ್ಣಗಿತ್ತು. ಅವಳು ದಿನವೂ ಕೆಂಡ ತರಲು ಹಿಂದಕ್ಕೆ ಹೋಗುವುದು ಕೋಳಿ ಕೂಗಿದ ಮೇಲೆ. ಇವತ್ತು ಕೋಳಿ ಕೂಗುವ ಹೊತ್ತಿಗೆ ಹೋದಾಗ ಅತ್ತೆ ಸಪ್ಪಲಮ್ಮ ಗೋಡೆಗೊರಗಿ ಕೂತಿದ್ದಳು, ಉಸಿರಿರಲಿಲ್ಲ. ಇವಳ ಕೈಯ ಸೌಟು ಅಲ್ಲೇ ಬಿದ್ದಿತ್ತು. ಆಮೇಲೆ ಆ ದೊಡ್ಡ ಒಲೆಯ ನೆನಪು ಯಾರಿಗೆ?

"ಕೆಂಡ ತರಕ್ಕೆ ಎಷ್ಟೊತ್ತೇ?" ಆವಲಪ್ಪ ಮತ್ತೆ ಕೂಗಿದ.

ಅವಳು ಯೋಚನೆ ಮಾಡಿದಳೆಂದು ಹೇಳಲಾಗದು. ಮೂವತ್ತು ವರ್ಷದಿಂದ ಕಾಲಿಗೆ ಗೊತ್ತಿದ್ದ ದಾರಿ, ಕಾಲು ನಡೆಯಿತು. ನಡುಮನೆ ದಾಟಿ, ಕೊಂಡಪ್ಪನನ್ನೂ ಅವನ ಕೊಡವನ್ನೂ ಬಳಸಿ, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು. ಅಲ್ಲಿ ಅನುಸೂಯ ಇದ್ದಳು.

"ಎಲ್ಲಿಗೆ ಅತ್ತೆ?"

ಆಗ ಅವಳಿಗೆ ಅರಿವಾಯಿತು. ಕೈಯಲ್ಲಿದ್ದ ಸೌಟನ್ನು ನೋಡಿಕೊಂಡಳು.

"ದೊಡ್ಡ ಒಲೆ..." ಎಂದಳು. "ಅದ್ರಲ್ಲಿ ಏನೂ ಇಲ್ಲ ಕಣಮ್ಮ."

"ಇದು ಬೇರೆ ಒಲೆ ಅಂದ್ರಲ್ಲ ಮಾವ. ಈ ಮನೇದಲ್ಲ ಅಂದ್ರಲ್ಲ."

"ಅಂದ್ರು."

"ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ರಿ?"

"ಇನ್ನೆಲ್ಲಿಗೆ ಹೋಗ್ಲಮ್ಮ ನಾನು? ಬೇರೆ ದಾರಿ ಗೊತ್ತಿದ್ರೆ ತಾನೆ," ಎಂದಳು ಲಕ್ಷ್ಮೀದೇವಮ್ಮ, ಸೌಟನ್ನು ಮುಂದೆ ಹಿಡಿದು.

ಮುನಿತಾಯಮ್ಮ ಎದ್ದು ಬಂದು ಮಗಳ ಕೈಯನ್ನು ಬಾಗಿಲುವಾಡದಿಂದ ಬಿಡಿಸಿದಳು. ಅತ್ತಿಗೆಯ ಸೌಟಿಗೆ ತಾನೇ ಕೆಂಡ ತೆಗೆದು ಹಾಕಿದಳು. ಒಂದು, ಎರಡು, ತುಂಬ. "ನಮ್ಮವ್ವನ ಕೆಂಡ ನಮ್ಮವ್ವನ ಮುಂದೆ ಹೋಗ್ತದೆ. ಅಷ್ಟು ಸಾಕು ಬಿಡವ್ವ."

ಅನುಸೂಯಳಿಗೆ ಸಾಕಾಗಲಿಲ್ಲ. ಅತ್ತೆಯ ಹಿಂದೆಯೇ ಜಗಲಿಗೆ ಹೋದಳು. ಮಡಕೆಗೆ ಕೆಂಡ ಬೀಳುತ್ತಿದ್ದಂತೆ ಹೊಗೆ ಎದ್ದಿತು. ಆವಲಪ್ಪ ಮುಖ ಎತ್ತರಿಸಿ, ಎಲ್ಲರಿಗೂ ಕೇಳುವ ಹಾಗೆ, "ಮನೆತನದ ಬೆಂಕಿ. ನಮ್ಮ ಮುತ್ತಾತನ ಕಾಲದಿಂದ ಉರೀತಿರೋ ಒಲೆದು," ಎಂದ.

"ಅದು ಅಜ್ಜಿ ಒಲೇದು ಮಾವ," ಎಂದಳು ಅನುಸೂಯ. "ಮುತ್ತಾತನ ಒಲೆ ತಣ್ಣಗೈತೆ. ಬೇಕಾದ್ರೆ ಬೀಗರು ಒಳಗ್ಹೋಗಿ ಕೈ ಇಟ್ಟು ನೋಡ್ಲಿ."

ಬೀಗರು ತಮ್ಮ ಚಪ್ಪಲಿ ನೋಡಿಕೊಂಡರು. ಆವಲಪ್ಪ ಮಡಕೆಯ ಹಗ್ಗವನ್ನು ಕೈಗೆ ಸುತ್ತಿಕೊಂಡ. ಬಾಯಿಂದ ಬಂದದ್ದು ಇಷ್ಟೇ.

"ಹೆಣದ ಮುಂದೆ ಹೆಣ್ಣುಮಕ್ಕಳ ಬಾಯಿ ಬ್ಯಾಡ. ಎತ್ರಪ್ಪ."

ಎತ್ತಿದರು. ಗಂಡಸರು ಹೋದರು. ಬೆಂಕಿ ಮಡಕೆ ಎಲ್ಲರಿಗಿಂತ ಮುಂದೆ ತೂಗಿಕೊಂಡು, ಹೊಗೆಯ ಎಳೆ ಬಿಡುತ್ತ, ಕೆರೆ ಏರಿಯ ತಿರುವಿನಲ್ಲಿ ಮರೆಯಾಯಿತು.

ಹೆಣ ಹೋದ ಮನೆಯನ್ನು ತೊಳೆಯಬೇಕು. ಹೆಂಗಸರು ಸೆರಗು ಸಿಕ್ಕಿಸಿ ತಲೆಬಾಗಿಲಿನಿಂದ ಹಿತ್ತಿಲವರೆಗೆ ನೀರು ಹೊಯ್ಯತೊಡಗಿದರು. ನೀರು ಹಿಂದಿನ ಕೋಣೆಯನ್ನು ಮುಟ್ಟುವ ಮೊದಲೇ ಅನುಸೂಯ ಅಟ್ಟದ ಮೇಲಿಂದ ಹಳೆಯ ಮಡಕೆಯನ್ನು ಇಳಿಸಿ ಉಳಿದ ಕೆಂಡವನ್ನೆಲ್ಲ ತುಂಬಿ, ಮೇಲೆ ಬೂದಿ ಹೊದಿಸಿದಳು. ಅಜ್ಜಿ ದೇವನಹಳ್ಳಿಯಿಂದ ತಂದಿದ್ದ ಅದೇ ಮಡಕೆ. ಹಿಂದಿನಿಂದ, ಮನೆಯಲ್ಲೇ ಉಳಿದಿದ್ದ ಕೊಂಡಪ್ಪನ ಕೊಡ ಬಗ್ಗಿದ ಸದ್ದು ಕೇಳಿತು. ಒಲೆ ಬುಸ್ಸೆಂದಿತು. ಅವಳು ತಿರುಗಿ ನೋಡದೆ ಮಡಕೆ ಹೊತ್ತು ಬೀದಿಗೆ ಇಳಿದಳು.

ಎದುರುಮನೆಯ ಅಮ್ಮಯಮ್ಮ ತನ್ನ ಜಗಲಿಯನ್ನು ಸೆರಗಿನಿಂದ ಒರೆಸಿ, "ಇಲ್ಲಿ ಕೂತ್ಕೊ ಬಾ ತಾಯಿ. ಇದೇನು ಅವರಪ್ಪನ ಜಾಗ ಅಲ್ಲ," ಎಂದಳು.

*

ಮಡಕೆ ತೊಡೆಯ ಮೇಲೆ ಬೆಚ್ಚಗಿತ್ತು. ಕಳೆದ ದಸರಾ ರಜೆಯಲ್ಲಿ, ಎಪ್ಪತ್ತೆಂಟನೇ ಇಸವಿಯಲ್ಲಿ, ಅನುಸೂಯ ಇದೇ ಬಿಸಿಯ ಪಕ್ಕದಲ್ಲಿ ಕೂತು, ತನ್ನ ಜೀವದಲ್ಲೇ ಮೊದಲ ಸಲ, ಅಜ್ಜಿಗೆ ತಾನೊಂದು ಕತೆ ಹೇಳಿದ್ದಳು.

"ನಮ್ಮ ಮೈಯೆಲ್ಲ ಸಣ್ಣ ಸಣ್ಣ ಮನೆಗಳು ಅಜ್ಜಿ. ಜೀವಕೋಶ ಅಂತಾರೆ. ಒಂದೊಂದು ಮನೆಗೂ ಒಬ್ಬ ಯಜಮಾನ ಇರ್ತಾನೆ, ನಡುಮಧ್ಯೆ. ಎಲ್ಲಾ ಹುಕುಂ ಅವನದೇ. ಆದ್ರೆ ಆ ಮನೆಗೆ ಶಕ್ತಿ ಕೊಡೋ ಒಲೆಗಳು ಬೇರೆ ಇರ್ತಾವೆ. ಮೈಟೋಕಾಂಡ್ರಿಯಾ ಅಂತ ಹೆಸರು."

"ಬಾಯಿ ತಿರುಗಲ್ಲ. ಒಲೆ ಅನ್ನು."

"ಒಲೆ. ನಾವು ಉಂಡದ್ದನ್ನ ಅವೇ ಉರಿಸೋದು. ವಿಚಿತ್ರ ಏನಂದ್ರೆ, ಅವು ಯಜಮಾನನ ಮಾತನ್ನೇ ಪೂರ್ತಿ ಕೇಳ್ಕೊಂಡಿರಲ್ಲ. ಅವಕ್ಕೆ ಅವುಗಳದೇ ಡಿ.ಎನ್.ಎ. ಇದೆ. ಅಂದ್ರೆ ಅವ್ವ ಮಗಳಿಗೆ ಹೇಳಿಕೊಡ್ತಾಳಲ್ಲ, ಅಂಥ ಬುದ್ಧಿಮಾತು. ಯಜಮಾನಂದು ಉದ್ದ ದಾರದ ಹಾಗೆ, ಇವುಗಳದು ಬಳೆ ಹಾಗೆ ದುಂಡಗೆ. ಬ್ಯಾಕ್ಟೀರಿಯಾದಲ್ಲಿರೋ ಹಾಗೇನೆ. ತಮಗೆ ಬೇಕಾದ ಕೆಲವನ್ನ ತಾವೇ ಮಾಡ್ಕೊಳ್ತಾವೆ. ಒಂದು ಎರಡಾಗೋದೂ ತಾವಾಗೇ. ಇದ್ದ ಒಲೆಯಿಂದಲೇ ಇನ್ನೊಂದು ಒಲೆ ಹುಟ್ಬೇಕು. ಎಲ್ಲಾ ಆರಿಹೋದ್ರೆ ಯಜಮಾನ ಎಷ್ಟು ಬಡ್ಕೊಂಡ್ರೂ ಹೊಸದು ಮಾಡಕ್ಕಾಗಲ್ಲ."

"ಗೋಡೆ?"

"ಎರಡು," ಎಂದಳು ಅನುಸೂಯ. ಅಜ್ಜಿ ಅದನ್ನೇ ಯಾಕೆ ಕೇಳಿದಳೆಂದು ಆಗ ಹೊಳೆದಿರಲಿಲ್ಲ. "ಒಳಗಿನ ಪೊರೆ ಮಡಿಕೆ ಮಡಿಕೆಯಾಗಿರುತ್ತೆ. ಉರಿಯೋ ಕೆಲಸ ಎಲ್ಲಾ ಅದರ ಮೇಲೇ. ಈಚೆಗೆ ಕೆಲವರು ಏನು ಹೇಳ್ತಾರೆ ಗೊತ್ತಾ? ಯಾವುದೋ ಕಾಲದಲ್ಲಿ ಇವು ಹೊರಗೆ ಸ್ವತಂತ್ರವಾಗಿದ್ದ ಜೀವ ಅಂತೆ. ದೊಡ್ಡ ಕೋಶ ಒಂದು ಇದನ್ನ ನುಂಗ್ತಂತೆ. ಅರಗ್ಲಿಲ್ಲವಂತೆ. ಒಳಗೋಡೆ ಅದರದ್ದು, ಹೊರಗೋಡೆ ನುಂಗಿದ ಮನೇದು."

ಅಜ್ಜಿಯ ಬೆರಣಿ ಮುರಿಯುತ್ತಿದ್ದ ಕೈ ನಿಂತಿತ್ತು.

"ನಿಮ್ಮ ಮೇಷ್ಟ್ರು ಇದನ್ನ ನಂಬ್ತಾರಾ?"

"ರುಕ್ಮಿಣಮ್ಮ ಮೇಡಂ ನಂಬ್ತಾರೆ. ಆದ್ರೆ ಇನ್ನೂ ಜಗಳ ಮುಗಿದಿಲ್ಲ, ಪರೀಕ್ಷೆಲಿ ಬರೀಬೇಡಿ ಅಂದ್ರು. ಮಾರ್ಕು ಕೊಡಲ್ಲವಂತೆ."

ಅಜ್ಜಿ ನಕ್ಕಿದ್ದಳು. ಹಲ್ಲಿಲ್ಲದ ಬಾಯಿಯ ಸದ್ದಿಲ್ಲದ ನಗು. "ಅಲ್ಲೂ ಅಂಗೇನಾ? ಅಲ್ಲೂ ಒಪ್ಪಲ್ವಾ? ಹೋಗ್ಲಿ, ಅಷ್ಟೆಲ್ಲಾ ಇರೋ ಒಲೆ ಮನೆ ಬಿಟ್ಟು ಹೋಗ್ಬೋದಲ್ಲ?"

"ಆಗಲ್ಲ ಅಜ್ಜಿ. ಇಷ್ಟು ಕಾಲ ಒಳಗೇ ಇದ್ದು ತನ್ನ ಬುದ್ಧಿಮಾತಿನಲ್ಲಿ ಬಹಳಷ್ಟನ್ನ ಯಜಮಾನನ ಕೈಗೆ ಕೊಟ್ಬಿಟ್ಟಿದೆ. ಅದಕ್ಕೆ ಬೇಕಾದ್ದು ಹೆಚ್ಚಿನದ್ದೆಲ್ಲ ಈಗ ಅಲ್ಲಿಂದಲೇ ಬರ್ಬೇಕು. ಹೊರಗೆ ಹೋದ್ರೆ ಸಾಯುತ್ತೆ. ಅದಕ್ಕೇ ಅರ್ಧ ಸ್ವತಂತ್ರ ಅನ್ನೋದು."

"ಅದಿಲ್ದೇ ಮನೆ?"

"ಮನೇನೂ ಬದುಕಲ್ಲ."

"ಹೂಂ," ಎಂದಿದ್ದಳು ಅಜ್ಜಿ. "ಒಲೆಗೆ ಮನೆ ಬೇಕು ಅನ್ನೋದು ಒಲೆಗೆ ಗೊತ್ತಿರ್ತದೆ. ಮನೆಗೆ ಒಲೆ ಬೇಕು ಅನ್ನೋದು ಮನೆಗೆ ಗೊತ್ತಿರಲ್ಲ. ಅಷ್ಟೇ ಕಣೆ ವೆತ್ಯಾಸ." ಬೆರಣಿ ಒಲೆಗಿಡುತ್ತ, "ಆ ಕೆಂಡ ಯಾರಿಂದ ಯಾರಿಗೆ ಹೋಗ್ತದೆ?" ಎಂದು ಕೇಳಿದ್ದಳು.

"ಅವ್ವನಿಂದ ಅಜ್ಜಿ. ಅಪ್ಪನದು ಬರೋದಿಲ್ಲ, ಅವ್ವನಿಂದಲೇ ಬರುತ್ತೆ ಅಂತಾರೆ."

ಅಜ್ಜಿ ಎರಡು ಬೆರಳಲ್ಲಿ ಮೊಮ್ಮಗಳ ಗಲ್ಲ ಹಿಡಿದು, ಒಲೆಯ ಬೆಳಕಿಗೆ ತಿರುಗಿಸಿ, ಅಲ್ಲೇನೋ ಉರಿಯುತ್ತಿರುವಂತೆ ನೋಡಿದ್ದಳು.

*

ಹೊತ್ತು ಇಳಿಯಿತು. ಕೆರೆಯಲ್ಲಿ ಮುಳುಗಿ, ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ಆವಲಪ್ಪ ಹಿಂದಿರುಗಿ ತಲೆಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಬೀಗರು ಇನ್ನೂ ಇದ್ದರು. ಒಳಗೆ, ಅಜ್ಜಿ ಉಸಿರು ಬಿಟ್ಟ ಜಾಗದಲ್ಲಿ ದೀಪ ಹಚ್ಚಬೇಕಿತ್ತು. ಕಡ್ಡಿ ಗೀರುವಂತಿರಲಿಲ್ಲ. ದೊಡ್ಡ ಒಲೆ ತಣ್ಣಗಿತ್ತು, ಹಿಂದಿನ ಒಲೆ ಕೆಸರಾಗಿತ್ತು.

"ಅದಕ್ಕೂ ರೀತಿ ಐತಲ್ಲ," ಎಂದ ಮುನಿರಾಮಯ್ಯ, ಅಡಿಕೆ ಕತ್ತರಿಸುತ್ತ. "ಒಲೆ ಆರಿದ ಸಾವಿನ ಮನೆಗೆ ಬೇರೆ ಒಲೆಯಿಂದ ಬೆಂಕಿ ತರ್ಬೇಕು. ಬೇರೆ ಒಲೆ ಯಾವುದು ಅಂತ ಮಧ್ಯಾಹ್ನ ಆವಲಪ್ಪನೇ ಯೋಳವ್ನೆ."

ಯಾರೂ ನಗಲಿಲ್ಲ. ಲಕ್ಷ್ಮೀದೇವಮ್ಮ ಸೌಟು ಹಿಡಿದು ಬೀದಿಗೆ ಇಳಿದಳು. ಬೀದಿಯ ಮನೆಮನೆಯಲ್ಲೂ ಸಂಜೆಯ ಒಲೆ ಹೊಗೆಯಾಡುತ್ತಿತ್ತು. ಅವಳು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ನೇರ ಬಂದು ಅನುಸೂಯಳ ಮುಂದೆ ನಿಂತು ಸೌಟು ಚಾಚಿದಳು.

ಮಧ್ಯಾಹ್ನದಿಂದ ಅನುಸೂಯ ಇದಕ್ಕೇ ಕಾದಿದ್ದಳೋ ಏನೋ. ಕೊಡುವುದಿಲ್ಲ ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಪಕ್ಕದಲ್ಲಿ ಕೂತ ಅವ್ವ ಈ ಸಲ ಬಿಡವ್ವ ಎನ್ನಲಿಲ್ಲ. ಮಡಕೆ ಮಗಳ ತೊಡೆಯ ಮೇಲಿತ್ತು. ಮಾತು ಅವಳದಾಗಿತ್ತು.

"ಯಾರ ಬೆಂಕಿ ಅಂತ ಕೇಳಿ ಅತ್ತೆ. ಕೇಳಿ ತಗೊಳ್ಳಿ. ಇಷ್ಟು ವರ್ಷ ಯಾರೂ ಹೆಸರು ಹೇಳಿ ಕೇಳ್ಲಿಲ್ಲ. ಒಂದು ಕೆಂಡ ಅಂದ್ರಿ, ತಗೊಂಡ್ಹೋದ್ರಿ."

ಲಕ್ಷ್ಮೀದೇವಮ್ಮ ಹಿಂತಿರುಗಿ ಗಂಡನನ್ನು ನೋಡಿದಳು. ಆಮೇಲೆ ಬೀಗರನ್ನು. ಸೆರಗು ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ.

"ನಮ್ಮತ್ತೆ ಸಪ್ಪಲಮ್ಮನ ಒಲೆ ಬೆಂಕಿ ಕೊಡವ್ವ," ಎಂದಳು, ಬೀದಿಯ ಕೊನೆಯ ಮನೆಗೂ ಕೇಳುವಂತೆ. "ನಮ್ಮನೇಲಿ ಬೆಂಕಿ ಇಲ್ಲ. ಯಾವತ್ತೂ ಇರ್ಲಿಲ್ಲ."

ಅನುಸೂಯ ಬೂದಿ ಸರಿಸಿದಳು. ಇದ್ದುದರಲ್ಲಿ ದೊಡ್ಡದನ್ನು ಆರಿಸಿ ಸೌಟಿಗೆ ಹಾಕಿದಳು. ಗಾಳಿ ಸೋಕಿದ್ದೇ ಅದು ಕೆಂಪಗೆ ಕಣ್ಣು ಬಿಟ್ಟಿತು.

ಲಕ್ಷ್ಮೀದೇವಮ್ಮ ಅಂಗೈ ಅಡ್ಡ ಹಿಡಿದು ಬೀದಿ ದಾಟಿದಳು. ಆ ಕೆಂಡ ಮೊದಲು ಬಂದ ದಾರಿಯಂತೆ ಹಿತ್ತಿಲ ಕಡೆ ತಿರುಗಬೇಕಿದ್ದ ಕಾಲು ಒಂದು ಗಳಿಗೆ ತಡೆಯಿತು. ಮತ್ತೆ ನೇರಕ್ಕೆ ನಡೆಯಿತು. ಮೆಟ್ಟಿಲ ಮೇಲೆ ಅಡ್ಡ ಕೂತಿದ್ದ ಆವಲಪ್ಪ ತಲೆ ಎತ್ತಿ ಕೆಂಡವನ್ನು ನೋಡಿದ. ಅವನು ಎದ್ದು, ಒದ್ದೆ ಪಂಚೆಯ ಅಂಚನ್ನು ಎತ್ತಿ ಹಿಡಿದು, ಗೋಡೆಗೆ ಬೆನ್ನು ತಾಗುವವರೆಗೂ ಹಿಂದೆ ಸರಿದ. ದೇವನಹಳ್ಳಿಯ ಆಚೆಯಿಂದ ಬಂದ ಬೆಂಕಿ, ಸೌಟಿನಲ್ಲಿ ಕೂತು, ತಲೆಬಾಗಿಲಿನಿಂದ ಒಳಗೆ ಹೋಯಿತು.